ಭಾನುವಾರದ ಅಡಿಗೆಮನೆ

ಕನ್ನಡ ಮೇಷ್ಟರ ಕೈಗೆ ಈಳಿಗೆಮಣೆ ಬಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ನನ್ನ ಪಾಲಿಗೆ ಆ ಕಾರಣ, ನನ್ನಾಕೆಯ ಕೊರಳಿನೊಳಗಿರುವ ಚಿಟ್ಟೆಯಾಕಾರದ ಪುಟ್ಟ ಗ್ರಂಥಿ. ಥೈರಾಯ್ಡ್ ಎಂದು ಅದರ ಹೆಸರು. ಅದರ ರಸ ಕಡಮೆಯಾದರೆ ದೇಹದ ಒಲೆಯೇ ಮಂದವಾಗಿ ಉರಿಯುತ್ತದೆ. ನಡುಬೇಸಗೆಯಲ್ಲೂ ಚಳಿ, ರಾತ್ರಿಯೆಲ್ಲ ಮಲಗಿ ಎದ್ದರೂ ಆಯಾಸ. ಬಂಧುಗಳು ಇದನ್ನು ಮೈಗಳ್ಳತನವೆಂದು ಕರೆದಿದ್ದರು. ನಿಜವಾದ ಹೆಸರನ್ನು ರಕ್ತಪರೀಕ್ಷೆ ಹೇಳಿತು.

ವೈದ್ಯರು ಕೊಟ್ಟದ್ದು ದಿನಕ್ಕೊಂದು ಸಣ್ಣ ಮಾತ್ರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ.

ನೆರೆಹೊರೆಯವರ ಪಥ್ಯ ಇದಕ್ಕಿಂತ ಉದ್ದ. ಎಲೆಕೋಸು ವಿಷ, ಹೂಕೋಸು ವಿಷ, ಪೊಟ್ಟಣದ ಉಪ್ಪು ಬಿಟ್ಟು ಸೈಂಧವ ಲವಣ ತಿನ್ನಿ! ವೈದ್ಯರು ನಕ್ಕರು. ಬೇಯಿಸಿದ ಕೋಸನ್ನು ಹಿತಮಿತವಾಗಿ ತಿಂದರೆ ಕೇಡಿಲ್ಲ. ಉಪ್ಪಿನ ಮಾತಂತೂ ತಲೆಕೆಳಗು. ಗಳಗಂಡವನ್ನು ತಡೆಯಲೆಂದೇ ಕೇಂದ್ರ ಸರ್ಕಾರ 1962ರಲ್ಲಿ ಯೋಜನೆ ಹೂಡಿ, ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಲು ಹೊರಟಿತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಒಂದು ಸಾಸಿವೆ ಕಾಳಿನ ತೂಕಕ್ಕಿಂತ ಎಷ್ಟೋ ಕಡಮೆ. ಹಾಗೆಂದು ಹೆಚ್ಚು ತಿಂದರೆ ಹೆಚ್ಚು ಗುಣವೇನೂ ಇಲ್ಲ.

ಹಾಗಾದರೆ ವಾರದ ಅಡಿಗೆಗೆ ಭಾನುವಾರವೇ ಸಿದ್ಧತೆ ಏಕೆ? ಮಾತ್ರೆ ನುಂಗಿದಾಕೆ, ತಾನು ಕುಡಿಯಬಾರದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಕಾಫಿ ಬೆರೆಸಿಕೊಡುತ್ತ, ಡಬ್ಬಿಗಳಿಗೆ ತಿಂಡಿ ತುಂಬುತ್ತ ಒಲೆಯ ಮುಂದೆ ನಿಲ್ಲುವುದನ್ನು ತಪ್ಪಿಸಲಿಕ್ಕಾಗಿ. ಮಗ ಉದ್ದು ಅಕ್ಕಿ ರುಬ್ಬುತ್ತಾನೆ. ಮಗಳು ಹೆಸರುಕಾಳನ್ನು ಮೊಳಕೆಗೆ ಕಟ್ಟಿ, ಹುಳಿಪುಡಿಯ ಡಬ್ಬ ತುಂಬುತ್ತಾಳೆ. ಕಾಯಿ ತುರಿದು ಹುರುಳಿಕಾಯಿ ಹೆಚ್ಚುವುದು ನನ್ನ ಪಾಲು. ಒಂದರಂತೆ ಒಂದಿಲ್ಲದ ನನ್ನ ಹೋಳುಗಳನ್ನು ನೋಡಿ ಆಕೆ ಕೇಳುತ್ತಾಳೆ: "ಏನೂಂದ್ರೆ, ಛಂದಸ್ಸೇ ಇಲ್ಲವಲ್ಲ, ಇದು ನವ್ಯವೋ?" ಹೋಳೂ ಹಿಟ್ಟೂ ರೆಫ್ರಿಜರೇಟರನ್ನು ಸೇರುತ್ತವೆ, ಸೊಪ್ಪು ಮಾತ್ರ ಅಂದಂದೇ ಬರುತ್ತದೆ. ಬೆಳಗಿನ ಕಾಫಿ ಈಗ ನನ್ನ ಕೈಯದು.

ಇದರಿಂದ ಗ್ರಂಥಿ ಸರಿಹೋಗುತ್ತದೆಂಬ ಭ್ರಮೆ ನಮಗಿಲ್ಲ. ಅದು ಮಾತ್ರೆಯ ಕೆಲಸ. ಯಾವ ಕಾಳೂ ಅದರ ಸ್ಥಾನಕ್ಕೆ ಬಾರದು. ಅಡಿಗೆಮನೆ ಆಕೆಗೆ ಕೊಟ್ಟದ್ದು ಬೆಳಗಿನ ಒಂದು ಗಂಟೆಯ ಬಿಡುವು. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಾಳೆ. ಇಪ್ಪತ್ತು ವರ್ಷ ನಾನೇ ಮೊದಲು ಬಿಡಿಸುತ್ತಿದ್ದ ಪತ್ರಿಕೆ ಈಗ ಪದಬಂಧವೆಲ್ಲ ತುಂಬಿ ನನ್ನ ಕೈಗೆ ಬರುತ್ತದೆ. ತಪ್ಪು ಹುಡುಕಲು ಹೋದೆ, ಒಂದೂ ಸಿಗಲಿಲ್ಲ.