ಅಪ್ಪ-ಅವ್ವನ ಗೋಕರ್ಣ ಟ್ರಿಪ್

ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದೋರನ್ನ ಕೇಳಿ ನೋಡ್ರಿ, ಗೋಕರ್ಣಕ್ಕೆ ಒಂದು ಸಲವಾದರೂ ಹೋಗಿ ಬಂದಿರ್ತಾರೆ. ಇಂಟರ್ನಲ್ಸ್ ಮುಗಿದ ರಾತ್ರಿ ಪ್ಲ್ಯಾನ್, ಮರುದಿನ ಬೆಳಗ್ಗೆ ಬಸ್ಸು, ಕುಡ್ಲೆ ಬೀಚು, ಓಂ ಬೀಚು, ಸ್ಟೇಟಸ್ಸಿಗೆ ಹತ್ತು ಫೋಟೊ. ನಾನೂ ಮೂರು ಸಲ ಹೋಗಿದ್ದೆ. ನಮ್ಮ ಅವ್ವ ಮಾತ್ರ 46 ವರ್ಷ ಆದರೂ ಸಮುದ್ರ ನೋಡಿರಲಿಲ್ಲ.

ಹಂಗಂತ ನಮ್ಮ ಮನೆಗೆ ಸಮುದ್ರ ಹೊಸದೇನಲ್ಲ. ಅಪ್ಪ ಬಸ್ ಡ್ರೈವರ್. ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ. 14 ವರ್ಷದಿಂದ ಇದೇ ರೂಟು. ಸಂಜೆ ಮುಟ್ಟೋದು, ರಾತ್ರಿ ಅಲ್ಲೇ ಮಲಗೋದು, ಬೆಳಗ್ಗೆ ವಾಪಸ್. ಬ್ಯಾಸಗಿಯಲ್ಲಿ ಕುಮಟಾ ಕಡೆ ಹೈವೇ ಬದಿಗೆ ಮಾರುವ ಸಿಹಿ ಉಳ್ಳಾಗಡ್ಡಿಯ ಗೊಂಚಲು ತರುತ್ತಿದ್ದ. ಅವ್ವ ಅದನ್ನ ಅಡುಗೆಮನೆ ಗೋಡೆಗೆ ತೂಗುಹಾಕಿ, "ನಮ್ಮ ಪಾಲಿನ ಸಮುದ್ರ ಇಷ್ಟ ನೋಡಪಾ" ಅಂತಿದ್ದಳು.

ಏಳನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ಪಿನ ಸ್ಟೈಪೆಂಡ್ ಬಂತು. ಹೊಸ ಫೋನ್ ತಗೋ ಅಂದರು ಫ್ರೆಂಡ್ಸ್. ಆದರೆ ಜನವರಿಗೆ ಅಪ್ಪ-ಅವ್ವನ ಮದುವೆಯಾಗಿ 25 ವರ್ಷ. ಕುಡ್ಲೆ ಬೀಚಿನ ಹತ್ತಿರ ಎರಡು ರಾತ್ರಿಗೆ ರೂಮ್ ಬುಕ್ ಮಾಡಿದೆ.

"ಲೇ ತಮ್ಮಾ, ದಿನಾ ಹೋಗೋ ರೋಡಿಗೆ ಸೂಟಿ ಹಾಕಿ ಹೋಗಬೇಕೇನು?" ಅಂದ ಅಪ್ಪ.

ಅವ್ವ ರೂಮಿನ ರೇಟು ಕೇಳಿದಳು. ಅರ್ಧ ಹೇಳಿದೆ. ಅಷ್ಟಕ್ಕೇ ಒಂದು ತಿಂಗಳ ಕಿರಾಣಿ ಲೆಕ್ಕ ಒಪ್ಪಿಸಿದಳು. ಕೊನೆಗೆ ಮಹಾಬಲೇಶ್ವರನ ದರ್ಶನ ಆಗ್ತದೆ ಅನ್ನೋ ಒಂದೇ ಮಾತಿಗೆ ಒಪ್ಪಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟರು. ಸುಮಾರು 150 ಕಿಲೋಮೀಟರ್, ನಾಲ್ಕು ತಾಸಿನ ದಾರಿ.

ಅವತ್ತು ಸಂಜೆ ಅವ್ವನ ಫೋನ್. "ಇಲ್ಲೆ ಮಾಡೋ ಕೆಲಸಾನ ಇಲ್ಲಲ್ಲೋ. ರೂಮ್ ಕಸಾ ಹೊಡದೆ, ಚಾದರ ಮಡಚಿದೆ. ಈಗೇನು ಮಾಡ್ಲಿ?" ಅಪ್ಪ ಎಲ್ಲಿ ಅಂದರೆ, ಬಸ್ ಸ್ಟ್ಯಾಂಡಿನಲ್ಲಿ ಗುರುತಿನ ಡ್ರೈವರ್ ಜೊತೆ ಚಹಾ ಕುಡಿಯಲು ಹೋಗಿದ್ದಾನೆ! ನನ್ನ ರೊಕ್ಕ ದಂಡ ಆಯ್ತು ಅನ್ನಿಸಿತು. ಅವ್ವನ ದನಿ ಬೇರೆ ಯಾಕೋ ಬಿಗಿಯಾಗಿತ್ತು.

"ಜಗಳಾಡೀರೇನು?"

"ಏನಿಲ್ಲ, ಇಡು."

ಮರುದಿನ ಫೋನೇ ಇಲ್ಲ. ಸಂಜೆ ಆರರಿಂದ ಒಂಬತ್ತರ ತನಕ ನಾನು 11 ಸಲ ಮಾಡಿದೆ. ರಿಂಗ್ ಆಗ್ತದೆ, ಎತ್ತೋದಿಲ್ಲ. ಅವ್ವನಿಗೆ ಈಜು ಬರಲ್ಲ. ಬೀಚಿನ ಬಂಡೆ, ಅಲೆ, ಪೇಪರಿನಲ್ಲಿ ಓದಿದ ಸುದ್ದಿ ಎಲ್ಲಾ ತಲೆಯಲ್ಲಿ ತಿರುಗಿತು. ಬೈಕ್ ಕೀ ಕೈಯಲ್ಲಿ ಹಿಡಿದು ನಿಂತಿದ್ದಾಗ, 9.40ಕ್ಕೆ ಫೋನ್ ಬಂತು.

"ಫೋನ್ ರೂಮಿನ್ಯಾಗ ಬಿಟ್ಟಿದ್ವಿ. ಉಸುಕಿನ್ಯಾಗ ಕುಂತಿದ್ವಿ" ಅಂದಳು.

"ಮೂರು ತಾಸು? ಏನು ಮಾಡ್ಕೋತ?"

"ಮಾತಾಡ್ಕೋತ."

ಅಪ್ಪ ನಡುವೆ ಫೋನ್ ಇಸ್ಕೊಂಡ. "ಲೇ, ಈ ಸಮುದ್ರಕ್ಕ ಟೈಮಿನ ಖಬರ ಇಲ್ಲ. ನಿನ್ನೆ ನೀರು ಒಂದು ಕಲ್ಲಿನ ಮಟ ಬಂದಿತ್ತು. ಇವತ್ತ ಅದ ಕಲ್ಲಿಗೆ ಬರಾಕ ಮುಕ್ಕಾಲು ತಾಸು ಲೇಟ್!" ನನಗೆ ನಗು ಬಂತು. ಭೂಮಿ ಒಂದು ಸುತ್ತು ತಿರುಗೋದರೊಳಗೆ ಚಂದ್ರನೂ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರ್ತಾನೆ, ಅದಕ್ಕೇ ಭರತ ದಿನಾ ಸುಮಾರು 50 ನಿಮಿಷ ತಡ ಆಗ್ತದೆ ಅಂತ ತಿಳಿಸಿ ಹೇಳಿದೆ. "ಹಂಗಾರ ಅವಗ ಯಾರೂ ಮೆಮೊ ಕೊಡೂದಿಲ್ಲ?" ಅಂದ.

ಆ ಮೂರು ತಾಸಿನ ಮಾತು ಏನು ಅಂತ ಗೊತ್ತಾಗಿದ್ದು ವಾರದ ಮೇಲೆ. ಅವ್ವ ಮೆಂತ್ಯ ಸೋಸುತ್ತಾ ಹೇಳಿದಳು.

ಹೋಗುವಾಗ ಅಪ್ಪ ಅವಳ ಪಕ್ಕ ಪ್ಯಾಸೆಂಜರ್ ಸೀಟಿನಲ್ಲಿ ಕೂತಿದ್ದ. ಅರಬೈಲ್ ಘಾಟಿನ ಒಂದು ತಿರುವಿನಲ್ಲಿ ಮುಂದಿನ ಸೀಟಿನ ರಾಡ್ ಎರಡೂ ಕೈಯಿಂದ ಹಿಡಿದು, ಬಲಗಾಲು ನೆಲಕ್ಕೆ ಒತ್ತಿದನಂತೆ. "ಏನ್ರೀ, ಇಲ್ಲೆಲ್ಲೈತಿ ಬ್ರೇಕು?" ಅಂತ ಅವ್ವ ನಕ್ಕಳು. ಅಪ್ಪ ನಗಲಿಲ್ಲ.

ಹತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ, ಮಂಜು ಕವಿದ ಹೊತ್ತು, ಅದೇ ತಿರುವಿನಲ್ಲಿ ಲಾರಿಯೊಂದು ಎದುರಿಗೇ ಬಂದಿತ್ತು. ಅಪ್ಪ ಗಾಡಿ ಎಡಕ್ಕೆ ಎಳೆದ. ನಿಂತಾಗ ಮುಂದಿನ ಗಾಲಿ ಡಾಂಬರು ಬಿಟ್ಟು ಅಂಚಿನಲ್ಲಿತ್ತು. ಒಳಗೆ ಸುಮಾರು 40 ಜನ. ಯಾರಿಗೂ ಏನೂ ಆಗಲಿಲ್ಲ. ಅಪ್ಪ ನೀರು ಕುಡಿದು ಗಾಡಿ ಮುಂದೆ ಬಿಟ್ಟ. ಮರುದಿನ ಮನೆಗೆ ಬಂದು "ಊಟಕ್ಕೇನೈತಿ?" ಅಂದ, ಅಷ್ಟೇ. ಹೇಳಿದ್ದರೆ ಅವ್ವ ಮತ್ತೆ ಆ ರೂಟಿಗೆ ಕಳಿಸಲ್ಲ ಅಂತ ಹತ್ತು ವರ್ಷ ಮುಚ್ಚಿಟ್ಟಿದ್ದ.

ಅವ್ವ ಸಿಟ್ಟಿನಿಂದ ಮಾತೇ ಬಿಟ್ಟಳು. ಘಾಟ್ ಇಳಿದ ಮೇಲೆ ರೋಡಿನ ಬದಿಗೆ ಗಂಗಾವಳಿ ಹೊಳೆ ಕಂಡಾಗ ಅಪ್ಪ, "ನೋಡಿಲ್ಲೆ, ನಮ್ಮ ಧಾರವಾಡದ ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲಾ, ಕಲಘಟಗಿ ಕಡೆ ಬೇಡ್ತಿ ಕೂಡಿ, ಇಲ್ಲೆ ಗಂಗಾವಳಿ ಆಗೇತಿ" ಅಂತ ರಮಿಸಲು ನೋಡಿದ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮೊದಲ ದಿನದ ಬಿಗಿ ದನಿ ಅದೇ.

ಎರಡನೇ ದಿನ ಉಸುಕಿನಲ್ಲಿ ಕೂತಾಗ, ಬಾಯಿಬಿಡುವ ಪಾಳಿ ಅವ್ವನದು. ತವರಿನಲ್ಲಿ ಇಟ್ಟೀನಿ ಅಂತ ಅಪ್ಪನಿಗೆ ಹೇಳಿದ್ದ ಬಂಗಾರದ ಬಳೆ ಅಲ್ಲಿ ಇರಲೇ ಇಲ್ಲ. ಮೂರು ವರ್ಷದ ಹಿಂದೆ ಒತ್ತೆ ಇಟ್ಟಿದ್ದಳು. ಅದು ನನ್ನ ಮೊದಲ ವರ್ಷದ ಫೀ.

ನಾನು ಮೆಂತ್ಯದ ಕಟ್ಟು ನೋಡ್ತಾ ಕೂತೆ. ಏನು ಹೇಳಬೇಕೋ ತಿಳಿಯಲಿಲ್ಲ. ಒಂದೇ ಮನೆಯಲ್ಲಿ ಮೂರು ಜನ, ಒಬ್ಬರಿಗೊಬ್ಬರು ಚಿಂತೆ ಆಗಬಾರದು ಅಂತ ಸುಮ್ಮನಿದ್ದೆವು. ಈ ಮನೆಯಲ್ಲಿ ಅವರಿಬ್ಬರೇ ಕೂತು ಮಾತಾಡೋಕೆ ಹೊತ್ತಾದರೂ ಎಲ್ಲಿತ್ತು? ಅಪ್ಪ ಬಂದರೆ ನಿದ್ದೆ, ಅವ್ವನಿಗೆ ಕೆಲಸ, ನಡುವೆ ನಾನು. ಅಲ್ಲಿ ಗಾಡಿ ಇರಲಿಲ್ಲ, ಒಲೆ ಇರಲಿಲ್ಲ, ನಾನೂ ಇರಲಿಲ್ಲ.

ಎರಡು ದಿನಕ್ಕೆ ಅವರು ತೆಗೆದಿದ್ದು ನಾಲ್ಕೇ ಫೋಟೊ. ಒಂದು ದೇವಸ್ಥಾನದ ರಥ, ಎರಡು ಬಸ್ಸು. ನಾಲ್ಕನೆಯದು ಅಲುಗಿ ಮಸುಕಾಗಿದೆ: ಸೀರೆ ಮೀನಖಂಡದ ತನಕ ಎತ್ತಿ ಹಿಡಿದು, ಅಲೆಗೆ ಹೆದರಿ ಚೀರುತ್ತಿರುವ ಅವ್ವ. ಸ್ಟೇಟಸ್ಸಿಗೆ ಹಾಕಲೇನು ಅಂದೆ. ಬ್ಯಾಡ ಅಂದಳು.

ಬಳೆ ಬಿಡಿಸಲು ಇನ್ನೂ ರೊಕ್ಕ ಕೂಡಬೇಕು. ಕ್ಯಾಂಪಸ್ ಪ್ಲೇಸ್‌ಮೆಂಟ್ ಆದರೆ ಮೊದಲ ಕೆಲಸ ಅದೇ. ಅಪ್ಪ ಈಗಲೂ ಅದೇ ರೂಟಿನಲ್ಲಿದ್ದಾನೆ. ಆದರೆ ಅಂಕೋಲಾ ಮುಟ್ಟಿ ಗಾಡಿ ನಿಲ್ಲಿಸಿದ ಮೇಲೆ ಮನೆಗೊಂದು ಫೋನ್ ಬರ್ತದೆ.

"ಘಾಟ್ ಇಳದ್ರೇನು?" ಅಂತಾಳೆ ಅವ್ವ.

ಮೊದಲಾಗಿದ್ದರೆ "ಹೂಂ" ಅಂತ ಇಟ್ಟುಬಿಡುತ್ತಿದ್ದ. ಈಗ ಹೇಳ್ತಾನೆ: "ಇಳದೆ. ಇವತ್ತ ಭಾಳ ಮಂಜಿತ್ತು. ಅಂಜಿಕಿ ಆತು."