ರಸ್ತೆ ಹಿಡಿದ ವಿಮಾನ

ವಿಮಾನ ಹಾರಿಸುವವರ ಮೇಲೆ ನನಗೆ ಗೌರವವಿದೆ, ಹೊಟ್ಟೆಕಿಚ್ಚಿಲ್ಲ. ನನ್ನ ಸುಖವಿರುವುದು ಅದರ ರೆಕ್ಕೆ ಕಳಚಿ, ಲಾರಿಗೇರಿಸಿ, ಇನ್ನೊಂದೂರಿನಲ್ಲಿಳಿಸಿ ಮತ್ತೆ ಕೂಡಿಸುವುದರಲ್ಲಿ. ಎಂಜಿನ್ ಕೆಟ್ಟದ್ದು, ವರ್ಷಗಟ್ಟಲೆ ಹ್ಯಾಂಗರಿನಲ್ಲಿ ದೂಳು ತಿಂದದ್ದು ರಸ್ತೆಯಲ್ಲೇ ಬರಬೇಕಲ್ಲ! ಇದೆಂಥ ಕೂಲಿ ಕೆಲಸವೆಂದು ಮೂಗು ಮುರಿಯುವವರಿಗೆ ರೈಟ್ ಸೋದರರ ಕಥೆ ಹೇಳುತ್ತೇನೆ. ಅವರ ವಿಮಾನ ಡೇಟನ್ನಿನಿಂದ ಕಿಟಿ ಹಾಕಿಗೆ ಬಂದದ್ದು ಬಿಡಿಬಿಡಿಯಾಗಿ, ಪೆಟ್ಟಿಗೆಗಳಲ್ಲಿ. 1903ರ ಡಿಸೆಂಬರ್ 17ರಂದು ನಾಲ್ಕು ಸಲ ಹಾರಿತು. ಅದರಲ್ಲಿ ಅತಿ ದೀರ್ಘವಾದದ್ದು 59 ಸೆಕೆಂಡು. ಆಮೇಲೆ ಗಾಳಿಗೆ ಮಗುಚಿ, ಮುರಿದು, ಮರಳಿ ಪೆಟ್ಟಿಗೆ ಸೇರಿ ಮನೆಗೆ ಹೋಯಿತು. ಮತ್ತೆಂದೂ ಹಾರಲಿಲ್ಲ. ಸುತ್ತಿದ್ದೆಲ್ಲ ನೆಲ, ನೀರಿನ ಮೇಲೆಯೇ.

ಸೆಸ್ನಾ 152 ನನಗೆ ಅಚ್ಚುಮೆಚ್ಚು. ಇಬ್ಬರು ಕೂರುವ ತರಬೇತಿ ವಿಮಾನ. ಖಾಲಿ ತೂಕ ಸುಮಾರು 500 ಕಿಲೋ. ರೆಕ್ಕೆಯ ಹರವು 10 ಮೀಟರಿಗೂ ಹೆಚ್ಚು, ಅದನ್ನು ಬಿಚ್ಚಬೇಕೆಂದು ಮಗುವಿಗೂ ಗೊತ್ತು. ಮೋಸ ಮಾಡುವುದು ಬಾಲ. ಪುಟ್ಟದಾಗಿ ಕಾಣುವ ಆ ಅಡ್ಡಪಟ್ಟಿಯೂ 3 ಮೀಟರ್ ಇದೆ. ಲಾರಿಗೆ ನಮ್ಮ ಕಾನೂನು ಕೊಡುವ ಅಗಲ 2.6. ಅದೂ ಕಳಚಲೇಬೇಕು.

ಟ್ಯಾಂಕುಗಳಿರುವುದು ರೆಕ್ಕೆಯೊಳಗೆ, ಹಾಗಾಗಿ ಮೊದಲು ಪೆಟ್ರೋಲು ಇಳಿಸುತ್ತೇವೆ. ಕೇಬಲ್ಲು, ವೈರುಗಳಿಗೆಲ್ಲ ಚೀಟಿ ಕಟ್ಟುತ್ತೇವೆ. ಆಮೇಲೆ ನನಗೆ ಬಲು ಪ್ರಿಯವಾದ ಘಳಿಗೆ. ರೆಕ್ಕೆಯ ಬುಡದಲ್ಲಿ, ಹಿಂದಿನ ಬೋಲ್ಟು ಕೂರುವ ಬುಷ್ಷಿನ ತೂತು ನಡುಮಧ್ಯದಲ್ಲಿರುವುದಿಲ್ಲ; ಬೇಕೆಂದೇ ತುಸು ಪಕ್ಕಕ್ಕಿಟ್ಟಿದ್ದಾರೆ. ಅದನ್ನು ಕೊಂಚ ತಿರುಗಿಸಿದರೆ ರೆಕ್ಕೆ ಗಾಳಿಗೊಡ್ಡುವ ಕೋನವೇ ಬದಲಾಗುತ್ತದೆ. ಒಂದು ಪಕ್ಕಕ್ಕೆ ವಾಲುವ ವಿಮಾನವನ್ನು ಹದಕ್ಕೆ ತರುವುದು ಹೀಗೆ. ಯಾವ ಕಾಲದಲ್ಲೋ, ಯಾರೋ ಹಾರಿಸಿ ನೋಡಿ ಕೂರಿಸಿದ ಹದ ಅದು. ಬೋಲ್ಟು ಎಳೆಯುವ ಮೊದಲು ಅಲ್ಲೊಂದು ಬಣ್ಣದ ಗುರುತು ಹಾಕುತ್ತೇನೆ. ಮೊಳೆಯಿಂದ ಗೀರಬಾರದು, ಅಲ್ಯೂಮಿನಿಯಮ್ಮಿನ ಬಿರುಕು ಗೀರಿನಲ್ಲೇ ಹುಟ್ಟುತ್ತದೆ. ಎರಡು ಬೋಲ್ಟು, ಕೆಳಗಿನ ಆಸರೆಯ ಕೋಲು, ಇಷ್ಟು ಬಿಚ್ಚಿದರೆ ರೆಕ್ಕೆ ನಮ್ಮ ಹೆಗಲ ಮೇಲೆ.

ಮೋಡದ ಕುಲುಕಾಟ ತಾಳುವ ಈ ರೆಕ್ಕೆಯ ತಗಡು ಮೊಣಕೈ ತಾಗಿದರೆ ಹಪ್ಪಳ. ಮುಂದಿನ ಅಂಚು ಕೆಳಗಾಗಿ, ಕಂಬಳಿ ಸುತ್ತಿದ ತೊಟ್ಟಿಲಲ್ಲಿ ನಿಲ್ಲಿಸುತ್ತೇವೆ. ಭಾರ ಒಳಗಿನ ಪಕ್ಕೆಲುಬಿನ ಮೇಲೆ ಬೀಳಬೇಕು, ಬರೀ ತಗಡಿನ ಮೇಲಲ್ಲ. ಒಡಲಿನ ಮೂಗು ಲಾರಿ ಓಡುವ ದಿಕ್ಕಿಗೆ. ಹಿಮ್ಮುಖವಾಗಿಟ್ಟರೆ ಗಾಳಿ ಹಿಂದಿನಿಂದ ನುಗ್ಗಿ ಚುಕ್ಕಾಣಿಯನ್ನು ಬಡಿದು ಬಡಿದು ಕೀಲು ಸಡಿಲಿಸುತ್ತದೆ.

ಲಾರಿಯವರು ಮೊದಲು ನಗುತ್ತಾರೆ: ಇಷ್ಟೇ ಲೋಡಾ? ತೊಂದರೆಯೇ ಅದು. ಹತ್ತಾರು ಟನ್ನಿಗೆಂದು ಮಾಡಿದ ಸ್ಪ್ರಿಂಗ್ ಪಟ್ಟೆಗಳು ಅರ್ಧ ಟನ್ನಿಗೆ ಬಾಗುವುದೇ ಇಲ್ಲ. ಪ್ರತಿ ಹಂಪಿನಲ್ಲೂ ಲಾರಿ ಜಿಗಿಯುತ್ತದೆ, ಜೊತೆಗೆ ವಿಮಾನವೂ. ಅದಕ್ಕೇ ಮರಳಿನ ಮೂಟೆ ಹೇರಿಸುತ್ತೇನೆ. ಹಾರಲೆಂದು ಗ್ರಾಂ ಲೆಕ್ಕದಲ್ಲಿ ಹಗುರ ಮಾಡಿದ ವಸ್ತುವಿಗೆ ಟನ್ನುಗಟ್ಟಲೆ ಮರಳಿನ ಕಾವಲು! ಚಹದಂಗಡಿಯ ಮುಂದೆ ನಿಲ್ಲಿಸಿದರೆ ಎಲ್ಲರದೂ ಒಂದೇ ಪ್ರಶ್ನೆ: "ಎಲ್ಲಿ ಬಿತ್ತು ಸಾರ್?" ಬಿದ್ದದ್ದಲ್ಲ ಎಂದರೆ ಮುಖ ಸಪ್ಪಗಾಗುತ್ತದೆ.

ಕೂಡಿಸುವಾಗ ಅವಸರ ನನಗಾಗದು. ಬಣ್ಣದ ಗುರುತು ಗುರುತಿಗೆ ಕೂರಬೇಕು. ಪೈಲಟ್ ಹಿಡಿಯುವ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಹಿಂದಿನ ಅಂಚಿನ ಮಡಚುಪಟ್ಟಿ, ಅಂದರೆ ಏಲರಾನ್, ಮೇಲೇಳಬೇಕು. ಕೇಬಲ್ಲು ಅದಲುಬದಲಾಗಿದ್ದರೆ ನೆಲ ಬಿಟ್ಟ ಮೇಲೆ ತಿಳಿದು ಪ್ರಯೋಜನವಿಲ್ಲ. ನಾನು ನೋಡಿದ್ದನ್ನು ಇನ್ನೊಬ್ಬರು ಹೊಸದಾಗಿ ನೋಡಿ ಸಹಿ ಹಾಕಬೇಕು. ಅವರು ಬರುವ ತನಕ ಪೈಲಟ್ ಎಷ್ಟು ಸಲ ಗಡಿಯಾರ ನೋಡಿಕೊಂಡರೂ ಕೀಲಿಕೈ ನನ್ನ ಜೇಬಿನಲ್ಲೇ.