ಬಿಚ್ಚಿದರೆ ಅರ್ಥವಾಗುವ ಗಾಡಿ

ಭಾನುವಾರ ತಿಂಡಿ ಮುಗಿಸಿ, ಹಳೆಯ ಲುಂಗಿ ಸುತ್ತಿಕೊಂಡು, ಗ್ರೀಸ್ ಗನ್ನು ಹಿಡಿದು ಜೀಪಿನ ಕೆಳಗೆ ನುಸುಳುವುದೆಂದರೆ ನನಗೆ ಬಲು ಇಷ್ಟ. ಗೋಣಿಚೀಲ ಹಾಸಿ ಅಂಗಾತ ಮಲಗಿದರೆ ಇಡೀ ಗಾಡಿಯ ಒಡಲು ಕಣ್ಣ ಮುಂದೆ. ಮುಂದೊಂದು ಆಕ್ಸಲ್ಲು, ಹಿಂದೊಂದು ಆಕ್ಸಲ್ಲು, ಎರಡಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸು, ಅದರಿಂದ ಎರಡೂ ದಿಕ್ಕಿಗೆ ಚಾಚಿದ ಶಾಫ್ಟುಗಳು. ಮುಚ್ಚಿಟ್ಟದ್ದು ಏನೂ ಇಲ್ಲ. ಒಂದೊಂದು ನಿಪ್ಪಲ್ಲನ್ನೂ ಬಟ್ಟೆಯಲ್ಲಿ ಒರೆಸಿ, ಗನ್ನು ಕಚ್ಚಿಸಿ ಒತ್ತಬೇಕು. ಕಪ್ಪಾದ ಹಳೆಯ ಗ್ರೀಸು ಅಂಚಿನಿಂದ ಹೊರಬಂದು, ಅದರ ಬೆನ್ನಿಗೇ ಹೊಸದು ಇಣುಕಿದರೆ ಆ ಜಾಗದ ಕೆಲಸ ಆದಂತೆ. ಅವಸರ ಮಾಡಿದರೆ ಗ್ರೀಸು ಹೊರಗಡೆಯೇ ಮೆತ್ತಿಕೊಳ್ಳುತ್ತದೆ, ಒಳಗೆ ಹೋಗುವುದಿಲ್ಲ.

ನನ್ನದು ಮಹೀಂದ್ರಾ ಸಿಜೆ3ಬಿ, ಪೆಟ್ರೋಲ್ ಗಾಡಿ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ತೋಟದವರು ಪಿಕಪ್ ಕೊಂಡಮೇಲೆ ಇದನ್ನು ಕೇಳುವವರಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಇಂಥ ಜೀಪು ಇಲ್ಲದ ಊರೇ ಇರಲಿಲ್ಲ ಎನ್ನಬೇಕು. ಗೊಬ್ಬರ ಹೊತ್ತದ್ದು, ಕಾಫಿ ಮೂಟೆ ಹೊತ್ತದ್ದು, ಬಸುರಿಯರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದು, ಮದುವೆ ದಿಬ್ಬಣ ಕರೆದೊಯ್ದದ್ದು, ಚುನಾವಣೆಯಲ್ಲಿ ಮತಪೆಟ್ಟಿಗೆ ಸಾಗಿಸಿದ್ದು ಎಲ್ಲ ಇದೇ. ಡಾಂಬರು ಬರುವ ಮೊದಲು ಎಷ್ಟೋ ಹಳ್ಳಿಗಳಿಗೆ ಬಂದ ಮೊದಲ ಮೋಟಾರು ಜೀಪು.

ಇದರ ಹುಟ್ಟಿನ ಕತೆ ಗೊತ್ತಿದ್ದರೆ ರಿಪೇರಿಯ ರುಚಿ ಇನ್ನಷ್ಟು ಹತ್ತುತ್ತದೆ. 1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಗುರವಾದ ಗಾಡಿ ಬೇಕೆಂದು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟರು. ಮೊದಲ ಮಾದರಿ ಆ ವರ್ಷದ ಸೆಪ್ಟೆಂಬರ್ 23ರಂದು ಸೈನ್ಯದ ಹೋಲಬರ್ಡ್ ಶಿಬಿರ ತಲುಪಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮೀರಿ ಜೀಪು ಮಾಡಿದ್ದವು. ಯುದ್ಧಭೂಮಿಯಲ್ಲಿ ಗ್ಯಾರೇಜು ಎಲ್ಲಿಂದ ಬರಬೇಕು? ಇಪ್ಪತ್ತರ ಆಸುಪಾಸಿನ ಹುಡುಗ ಸೈನಿಕ, ಕೆಸರಿನಲ್ಲಿ ಮಂಡಿಯೂರಿ, ಕೈಗೆ ಸಿಕ್ಕ ನಾಲ್ಕು ಸ್ಪಾನರಿನಲ್ಲಿ ಸರಿಮಾಡಿಕೊಳ್ಳಬೇಕಿತ್ತು. ಆ ಗುಣ ಈ ಗಾಡಿಯ ರಕ್ತದಲ್ಲಿ ಉಳಿದುಬಂತು. ಯುದ್ಧಾನಂತರ ವಿಲ್ಲೀಸ್ ಜನಸಾಮಾನ್ಯರಿಗೆಂದು ಸಿಜೆ ಸರಣಿ ತಂದಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬೈಯ ಮಝಗಾಂವ್‌ನಲ್ಲಿ ಜೀಪು ಜೋಡಿಸತೊಡಗಿದರು. ಸಿಜೆ3ಬಿ ಅಮೆರಿಕದ ಟೊಲಿಡೊದಲ್ಲಿ 1953ರಲ್ಲಿ ಹುಟ್ಟಿ 1968ಕ್ಕೆ ನಿಂತಿತು. ಜಪಾನಿನ ಮಿತ್ಸುಬಿಷಿ ಅದೇ ಜೀಪಿನ ವಂಶವನ್ನು 1998ರವರೆಗೂ ಬೆಳೆಸಿತು. ನಮ್ಮಲ್ಲೂ ಅಮೆರಿಕದಲ್ಲಿ ನಿಂತ ಮೇಲೆ ದಶಕಗಳ ಕಾಲ ಅದು ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು.

ಸಿಜೆ3ಬಿಯ ಬಾನೆಟ್ಟು ಎತ್ತರ. ಯುದ್ಧಕಾಲದ ಜೀಪಿನ ಚಪ್ಪಟೆ ಮೂತಿ ಕಂಡವರಿಗೆ ಇದು ಅಷ್ಟು ಚೆಂದ ಕಾಣಿಸದು. ನನಗಂತೂ ಇದೇ ಚೆಂದ, ಯಾಕೆಂದರೆ ಆ ಎತ್ತರಕ್ಕೆ ಕಾರಣವಿದೆ. ಹಳೆಯ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು. ಹರಿಕೇನ್ ಎಂಬ ಹೊಸ ಎಂಜಿನ್ನಿನಲ್ಲಿ ಹೊಗೆ ಬಿಡುವ ವಾಲ್ವನ್ನು ಬ್ಲಾಕಿನಲ್ಲೇ ಉಳಿಸಿ, ಗಾಳಿ-ಪೆಟ್ರೋಲು ಒಳಬರುವ ವಾಲ್ವನ್ನು ಮಾತ್ರ ದೊಡ್ಡದು ಮಾಡಿ ತಲೆಯ ಮೇಲೆ ಕೂರಿಸಿದರು. ಅದೇ 2.2 ಲೀಟರಿನ ಬ್ಲಾಕಿನಿಂದ 60ರ ಬದಲು 70 ದಾಟಿದ ಅಶ್ವಶಕ್ತಿ ಬಂತು, ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನು ಮೇಲೆತ್ತದೆ ಗತಿಯಿರಲಿಲ್ಲ.

ಪೂರ್ತಿ ಬಿಚ್ಚಿ ಕಟ್ಟುವ ಕೆಲಸದಲ್ಲಿ ಟಿಂಕರಿಂಗು ಮತ್ತು ಪೇಂಟಿಂಗೇ ಎಲ್ಲರ ಕಣ್ಣಿಗೆ ಬೀಳುವುದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದ ತಗಡು ತುಕ್ಕು ತಿಂದಿತ್ತು, ಕತ್ತರಿಸಿ ಹೊಸದು ಬೆಸೆದೆವು, ಅಷ್ಟೆ. ನಿಜವಾದ ಸುಖವಿರುವುದು ಕಣ್ಣಿಗೆ ಕಾಣದ ಕಡೆ.

ಸ್ಟೀರಿಂಗನ್ನೇ ನೋಡಿ. ಹಳೆಯ ಜೀಪು ಓಡಿಸಿದವರಿಗೆಲ್ಲ ಅದರ ‘ಪ್ಲೇ’ ಗೊತ್ತು: ಚಕ್ರ ತಿರುಗುವ ಮೊದಲು ಸ್ಟೀರಿಂಗು ಒಂದಿಷ್ಟು ಸುಮ್ಮನೆ ತಿರುಗುತ್ತದೆ. ಹಳೇ ಗಾಡಿ, ಇರೋದೇ ಹಾಗೆ ಅಂತ ಜನ ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ. ಸ್ಟೀರಿಂಗ್ ಬಾಕ್ಸಿನಿಂದ ಹೊರಟ ರಾಡು ನೇರ ಚಕ್ರಕ್ಕೆ ಹೋಗದೆ, ಮುಂಭಾಗದಲ್ಲಿ ನಟ್ಟನಡುವೆ ಪಿನ್ನಿನ ಮೇಲೆ ಕೂತ ಬೆಲ್ ಕ್ರ್ಯಾಂಕಿಗೆ ಹೋಗಿ, ಅಲ್ಲಿಂದ ಎಡಬಲಕ್ಕೆ ಕವಲೊಡೆಯುತ್ತದೆ. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸವೆತ. ಎಲ್ಲ ಕೂಡಿದಾಗ ಕೈಯಲ್ಲಿ ಅರ್ಧ ಗೇಣು. ಒಬ್ಬರು ಸ್ಟೀರಿಂಗು ಅತ್ತಿತ್ತ ಅಲ್ಲಾಡಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಬೆರಳಿಡಬೇಕು. ನಮ್ಮ ಮೇಸ್ತ್ರಿ ಹೇಳುವುದು ಇದನ್ನೇ: “ಸ್ಪಾನರ್ ಎತ್ತೋಕ್ ಮುಂಚೆ ಕೈಯಿಟ್ಟು ನೋಡಿ ಸಾರ್. ಎಲ್ಲಿ ನೋವು ಅಂತ ಗಾಡೀನೇ ಹೇಳುತ್ತೆ.” ಬೆಲ್ ಕ್ರ್ಯಾಂಕಿನ ಪಿನ್ನು ಬೇರಿಂಗು ಬದಲಿಸಿ, ಮುಂದಿನ ಚಕ್ರದ ಕಿಂಗ್‌ಪಿನ್ನಿನ ಬೇರಿಂಗುಗಳಿಗೆ ತೆಳು ಶಿಮ್ಮುಗಳನ್ನು ಕೂಡಿಸಿ ಕಳೆದು ಹದಕ್ಕೆ ತಂದಾಗ, ಎಪ್ಪತ್ತು ವರ್ಷದ ಹಿಂದಿನ ವಿನ್ಯಾಸದ ಗಾಡಿ ಹೇಳಿದ ಮಾತು ಕೇಳಿಕೊಂಡು ನೆಟ್ಟಗೆ ಓಡುತ್ತದೆ.

ಗೇರ್ ಬಾಕ್ಸಿನ ಒಂದು ಗುಟ್ಟು ಇಟ್ಟುಕೊಂಡವರಿಗೇ ಗೊತ್ತು. ಅದು ಮತ್ತು ಟ್ರಾನ್ಸ್‌ಫರ್ ಕೇಸು ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ. ನಡುವಿನ ಸೀಲು ಸೋತಿತೆಂದರೆ ಗೇರ್ ಬಾಕ್ಸಿನ ಎಣ್ಣೆ ಮೆಲ್ಲಗೆ ಆಚೆ ದಾಟುತ್ತದೆ. ಹೊರಗೆ ನೆಲದ ಮೇಲೆ ಒಂದು ಹನಿಯೂ ಕಾಣದು, ಒಳಗೆ ಗೇರುಗಳು ಒಣಗುತ್ತಿರುತ್ತವೆ. ಅದಕ್ಕೇ ಎರಡರ ಪ್ಲಗ್ಗನ್ನೂ ಬಿಚ್ಚಿ ಮಟ್ಟ ನೋಡಬೇಕು, ಒಂದನ್ನು ನೋಡಿ ಸುಮ್ಮನಾಗಬಾರದು. ಎಡಗಡೆ ಚಕ್ರಗಳ ನಟ್ಟಿನದೂ ಹೀಗೇ. ಹಳೆಯ ವಿಲ್ಲೀಸ್‌ಗಳಲ್ಲಿ ಅವಕ್ಕೆ ಉಲ್ಟಾ ಥ್ರೆಡ್ಡು. ಓಡುವಾಗ ತಾನಾಗಿ ಸಡಿಲವಾಗಬಾರದೆಂಬ ಎಚ್ಚರಿಕೆ ಅದು. ಗೊತ್ತಿಲ್ಲದ ಪಂಕ್ಚರ್ ಅಂಗಡಿಯ ಹುಡುಗ ಉದ್ದನೆ ಪೈಪು ಸಿಕ್ಕಿಸಿ ಎಳೆದರೆ ಬೋಲ್ಟು ಮುರಿದು ಕೈಗೆ ಬರುತ್ತದೆ.

ಟ್ಯೂನಿಂಗಿನ ಸುಖ ಬೇರೆಯೇ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟನ್ನು ಸಣ್ಣ ಅರದಲ್ಲಿ ಉಜ್ಜಿ, ಫೀಲರ್ ಗೇಜಿನ ಎಲೆಯನ್ನು ನಡುವೆ ತೂರಿಸಿ ಅರ್ಧ ಮಿಲಿಮೀಟರ್ ಅಂತರ ಹಿಡಿಸಬೇಕು. ಎಲೆ ಹೊರಗೆಳೆದಾಗ ತುಸು ತಡೆದಂತಾಗಬೇಕು, ಸಿಕ್ಕಿಕೊಳ್ಳಬಾರದು. ಆಮೇಲೆ ಕಾರ್ಬೊರೇಟರಿನ ಗಾಳಿ ಸ್ಕ್ರೂ ಅಷ್ಟಷ್ಟೇ ತಿರುಗಿಸುತ್ತಾ ಕಿವಿಗೊಡಬೇಕು. ಎಂಜಿನ್ ತಡವರಿಸುತ್ತದೆ, ಏರುತ್ತದೆ, ಒಂದು ಜಾಗದಲ್ಲಿ ದನಿ ದುಂಡಗಾಗುತ್ತದೆ. ಅಲ್ಲಿ ಕೈ ಬಿಡಬೇಕು. ಆ ದನಿ ಯಾವುದೆಂದು ಬರೆದು ತಿಳಿಸಲಾಗದು. ಬ್ಯಾಟರಿ ಕೈಕೊಟ್ಟ ದಿನವೂ ಚಿಂತೆಯಿಲ್ಲ, ಹ್ಯಾಂಡಲ್ ಹಾಕಿ ಒಂದು ಸುತ್ತು ಎಳೆದರೆ ಸಾಕು. ಹೆಬ್ಬೆರಳನ್ನು ಮಾತ್ರ ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು, ಹಿಡಿಯ ಸುತ್ತ ಸುತ್ತಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು. ಹಳೆಯ ಅಂಗಡಿಯವರಿಗೆ ಸವೆದ ಭಾಗವನ್ನು ಕೈಯಲ್ಲಿ ಕೊಟ್ಟರೆ ಸಾಕು, ಹೆಸರು ಹೇಳಬೇಕಿಲ್ಲ. ಅಲ್ಲೂ ಸಿಗದಿದ್ದರೆ ಲೇತಿನವರು ಮಾಡಿಕೊಡುತ್ತಾರೆ. ಈಚೆಗೆ ಹೊಸದೊಂದು ಎಚ್ಚರ ಬೇಕಾಗಿದೆ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬಂದಿರುವುದರಿಂದ ಹಳೆಯ ರಬ್ಬರಿನ ಪೈಪು, ಪಂಪಿನ ಡಯಾಫ್ರಮ್ಮು ಬೇಗ ಹಾಳಾಗುತ್ತವೆ. ಎಥನಾಲ್ ನೀರನ್ನೂ ಹೀರುವುದರಿಂದ ನಿಂತ ಗಾಡಿಯ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ತಾಳುವ ಪೈಪು ಹಾಕಿಸಿಕೊಳ್ಳಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲು ಇಳಿಸಿಬಿಡುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿ ಶೆಡ್ಡಿನಲ್ಲಿ ಹೊದಿಕೆ ಹಾಕಿ ಇಡುವವರನ್ನು ಕಂಡರೆ ನನಗೆ ಸಂಕಟ. ಜೀಪು ಆರಿದ್ರಾ ಮಳೆಯಲ್ಲಿ ತೋಟದ ದಾರಿ ಹತ್ತಬೇಕು. ಕೆಂಪು ಮಣ್ಣು ಬೆಣ್ಣೆಯಂತೆ ಜಾರುವಾಗ ಗಾಡಿ ನಿಲ್ಲಿಸಿ, ಸಣ್ಣ ಲಿವರುಗಳಲ್ಲಿ ಒಂದರಿಂದ ಮುಂದಿನ ಚಕ್ರ ಜೋಡಿಸಿ, ಇನ್ನೊಂದರಿಂದ ಲೋ ಹಾಕಿ, ಒಂದನೇ ಗೇರಿಗೆ ಬಿಡಬೇಕು. ಸಿಜೆ3ಬಿಯಲ್ಲಿ ಆಗ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 37 ಸುತ್ತು ತಿರುಗುತ್ತದೆ. ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಮುಂದೆ ಹೋಗುವುದು ಸುಮಾರು ಆರು ಸೆಂಟಿಮೀಟರ್. ಆಕ್ಸಲರೇಟರ್ ಮುಟ್ಟುವುದೇ ಬೇಡ, ತಾನೇ ಕಲ್ಲು ತಡವಿ ತಡವಿ ಹತ್ತುತ್ತದೆ. ಡಾಂಬರು ಸಿಕ್ಕ ಕೂಡಲೇ ಮುಂದಿನ ಚಕ್ರ ಕಳಚಬೇಕು. ಮುಂದಿನ ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಗಟ್ಟಿ ರಸ್ತೆಯಲ್ಲಿ ಹಾಗೇ ಓಡಿಸಿದರೆ ಗೇರುಗಳು ಬಿಗಿದುಕೊಂಡು ನರಳುತ್ತವೆ. ಕೊಡಚಾದ್ರಿಯ ಬಂಡೆದಾರಿಯಲ್ಲಿ, ಮಾಂದಲಪಟ್ಟಿಯ ಏರಿನಲ್ಲಿ ದಿನವೂ ಜನರನ್ನು ಹತ್ತಿಸುವ ಜೀಪು ಚಾಲಕರ ಕಾಲಿನ ಹದ ನೋಡಿದರೆ ಈ ಗಾಡಿಯನ್ನು ಹೇಗೆ ನಡೆಸಬೇಕೆಂದು ಕಲಿಯಬಹುದು.

ದೊಡ್ಡ ಟೈರು, ಬೇರೆ ಗಾಡಿಯ ಡೀಸೆಲ್ ಎಂಜಿನ್ನು, ಸಾಲು ಸಾಲು ದೀಪ ಹಾಕಿಸುವವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪೆಟ್ರೋಲಿನ ಬೆಲೆಗೆ ಹೆದರಿ ರೈತರು ಡೀಸೆಲ್ ಎಂಜಿನ್ ಕೂರಿಸಿದ್ದು ಬದುಕಿನ ಲೆಕ್ಕ. ಹವ್ಯಾಸಕ್ಕೆ ಇಟ್ಟುಕೊಂಡವರು ಹಾಗೆ ಮಾಡಬೇಕಿಲ್ಲ. ಒಂಬತ್ತು ಇಂಚಿನ ಬ್ರೇಕ್ ಡ್ರಮ್ಮು, ಆ ಸಣ್ಣ ಸ್ಟೀರಿಂಗ್ ಬಾಕ್ಸು 6.00-16 ಟೈರಿಗೆಂದೇ ಲೆಕ್ಕ ಹಾಕಿದವು. ಕಾನೂನೂ ಮೂಲರೂಪದ ಪರವಾಗಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ, ಹತ್ತು ವರ್ಷದ ಅವಧಿಗೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನವೀಕರಣಕ್ಕೆ 5,000. ಅದನ್ನು ಮಾಡಿಸಿದರೆ ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಹಾಗಾಗಿ ನಾನು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿದ್ದೇನೆ. ತೋಟದ ಕೆಲಸಕ್ಕೂ ಗಾಡಿ ಬೇಕಲ್ಲ.

ನಿಮ್ಮ ಮನೆಯ ಹಿಂದೆ, ಅಜ್ಜನ ಕಾಲದ ಕೊಟ್ಟಿಗೆಯಲ್ಲಿ ಜೀಪೊಂದು ನಿಂತಿದ್ದರೆ ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡಬೇಡಿ. ಸೀದಾ ಸೆಲ್ಫ್ ಹೊಡೆಯಲೂ ಹೋಗಬೇಡಿ. ನಾಲ್ಕೂ ಪ್ಲಗ್ಗು ಬಿಚ್ಚಿ, ಸಿಲಿಂಡರುಗಳಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ, ಆಮೇಲೆ ಹ್ಯಾಂಡಲಿನಿಂದ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಆ ನೆನೆಯುವ ಎರಡು ದಿನದಲ್ಲಿ ಮನೆಯ ಕಪಾಟು, ಟ್ರಂಕುಗಳನ್ನೆಲ್ಲ ಜಾಲಾಡಿ ಅದರ ಆರ್.ಸಿ. ಪುಸ್ತಕ ಹುಡುಕಿಡಿ. ಎಂಜಿನ್ನಿನ ಎಲ್ಲ ಭಾಗವನ್ನೂ ಹೊಸದಾಗಿ ಮಾಡಿಸಬಹುದು, ಆ ಪುಸ್ತಕವೊಂದನ್ನು ಮಾತ್ರ ಯಾವ ಲೇತಿನವರೂ ಮಾಡಿಕೊಡಲಾರರು.